ಮೈಕ್ ಸೆಟ್ ಮಂಟಯ್ಯನ ಒಂದು ನಿಮಿಷ

ಹುಣಸೆಕೊಪ್ಪಲಿನಲ್ಲಿ ಯಾರಾದರೂ ಸತ್ತರೆ ಮೊದಲು ಗೊತ್ತಾಗುತ್ತಿದ್ದದ್ದು ಆ ಮನೆಯವರಿಗೆ, ಆಮೇಲೆ ಮಂಟಯ್ಯನಿಗೆ, ಅವನಿಂದ ಊರಿಗೆ. ಹದಿನಾಲ್ಕು ವರ್ಷದಲ್ಲಿ ಈ ಕ್ರಮ ಒಂದು ಸಲವೂ ತಪ್ಪಿರಲಿಲ್ಲ. ಮಂಟಯ್ಯನ ಹತ್ತಿರ ಒಂದು ಮೈಕ್ ಸೆಟ್ ಇತ್ತು: ಎರಡು ಹಾರನ್ನು, ಒಂದು ಆಂಪ್ಲಿಫೈಯರು, ಒಂದು ಲಾರಿ ಬ್ಯಾಟರಿ, ಇಷ್ಟನ್ನೂ ಹೊತ್ತು ನರಳುವ ಒಂದು ಸೈಕಲ್ಲು. ಜೊತೆಗೆ ಮೂರು ಕ್ಯಾಸೆಟ್ಟು. ಮೊದಲನೆಯದರಲ್ಲಿ ನಾದಸ್ವರ, ಅದು ಮದುವೆಗೆ. ಎರಡನೆಯದರಲ್ಲಿ ಶಹನಾಯಿ ಬಿಕ್ಕಿ ಬಿಕ್ಕಿ ಅಳುತ್ತಿತ್ತು, ಅದು ಸಾವಿಗೆ. ಮೂರನೆಯದು ಹಳೆಯದಾಗಿ ಬರೀ ಗುರ್ ಅನ್ನುತ್ತಿತ್ತು. ಅದನ್ನು ಸರ್ಕಾರದ ಪ್ರಕಟಣೆಗಳಿಗೆ ಮೀಸಲಿಟ್ಟಿದ್ದ.

ಮಂಟಯ್ಯನ ಮೈಕು ಹೇಳಿದ ಮೇಲೆ ಆ ಸಂಗತಿಯ ಬಗ್ಗೆ ಯಾರೂ ಎರಡನೆಯ ಮಾತು ಆಡುತ್ತಿರಲಿಲ್ಲ. ಒಮ್ಮೆ ಯಾರದ್ದೋ ಎಮ್ಮೆ ಕಳೆದಿದೆಯೆಂದು ಸಾರಲು ಕರೆದಾಗ, ಅವನು ಮೊದಲು ಅವರ ಕೊಟ್ಟಿಗೆಗೆ ಹೋಗಿ, ಬರಿಯ ಗೂಟವನ್ನು ಕಣ್ಣಾರೆ ನೋಡಿ, ಆಮೇಲೆ ಸೈಕಲ್ ಹತ್ತಿದ್ದ. ಅಂಥ ಮನುಷ್ಯ. ಅವನಲ್ಲಿದ್ದ ಒಂದೇ ದೋಷವೆಂದರೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಲು ನಾಚಿಕೆ. ಯಾರು ಏನು ಹೇಳಿದರೂ ಅವನ ತಲೆ ಮೊದಲು ಆಡುತ್ತಿತ್ತು, ಬುದ್ಧಿ ನಿಧಾನವಾಗಿ ಹಿಂದೆ ಬರುತ್ತಿತ್ತು. ಕೆಲವು ಸಲ ಬರುತ್ತಲೇ ಇರಲಿಲ್ಲ.

ಎರಡು ಸಾವಿರದ ಎರಡನೆಯ ಇಸವಿಯಲ್ಲಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಗೂಡುಗಳೆಲ್ಲ ಆರಿ ತಣ್ಣಗಾದ ಕಾಲದಲ್ಲಿ, ಬೆಂಗಳೂರಿನಿಂದ ಸಿನಿಮಾದವರು ಬಂದರು. ಊರಿನ ನಡುವಿನ ತೊಟ್ಟಿಮನೆಯಲ್ಲೂ ಅದರ ಸುತ್ತಿನ ಬೀದಿಯಲ್ಲೂ ಇಪ್ಪತ್ತು ದಿನದ ಚಿತ್ರೀಕರಣ. ಬೇರೆ ಸಿನಿಮಾಗಳಲ್ಲಿ ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಕೂತು ಸೇರಿಸುತ್ತಾರಂತೆ. ಇವರು ಹಾಗಲ್ಲ, ಆಡಿದ ಮಾತನ್ನು ಆಡಿದ ಜಾಗದಲ್ಲೇ ಹಿಡಿಯುತ್ತಾರಂತೆ. ಹಿಡಿಯುವವಳು ಕಾವ್ಯಶ್ರೀ ಎಂಬ ಹುಡುಗಿ. ಮೂವತ್ತು ಮೂವತ್ತೆರಡು ವರ್ಷ, ಮಾತು ಕಮ್ಮಿ, ಕಿವಿಯ ಮೇಲೆ ಯಾವಾಗಲೂ ಹೆಡ್‌ಫೋನಿನ ಎರಡು ಕರಿಯ ಬಟ್ಟಲು. ಮೂರನೆಯ ದಿನ ಅವಳ ಸಹಾಯಕ ಕಾಮಾಲೆ ಹಿಡಿದು ಮೈಸೂರಿಗೆ ಹೋದ. ಇಲ್ಲಿ ಸೌಂಡ್ ಗೊತ್ತಿರುವವರು ಯಾರಾದರೂ ಇದ್ದಾರೆಯೇ ಎಂದು ಸಿನಿಮಾದವರು ಕೇಳಿದರು. ನಿಂತಿದ್ದವರೆಲ್ಲ ಮಂಟಯ್ಯನ ಕಡೆ ಬೆರಳು ತೋರಿಸಿದರು.

"ಲೊಕೇಶನ್ ಸೌಂಡ್ ಮಾಡಿದ್ದೀರಾ?" ಎಂದಳು ಕಾವ್ಯಶ್ರೀ.

"ಹದ್ನಾಕು ವರ್ಷದಿಂದ ಅದೇ ಮೇಡಂ. ನಾನು ಮಾಡ್ದೆ ಇರೋ ಲೊಕೇಸನ್ನೇ ಇಲ್ಲ. ಬೆಟ್ಟದಪುರದಿಂದ ಈಚೆಗೆ ಏನೇ ಕೇಳುಸುದ್ರೂ ಅದು ನಂದೇ."

ಅವಳು ಅವನ ಕೈಗೆ ಒಂದು ಉದ್ದನೆಯ ಕೋಲು ಕೊಟ್ಟಳು. ಕೋಲಿನ ತುದಿಯಲ್ಲಿ ಮೈಕು. ಮೈಕಿನ ಮೇಲೆ ರೋಮದ ಚೀಲ. ಗಾಳಿಯ ಸದ್ದು ತಡೆಯಲು ಇದ್ದ ಅಸಲಿ ಚೀಲ ಹರಿದುಹೋಗಿ, ಬೈಲಕುಪ್ಪೆಯ ಟಿಬೆಟಿಯನ್ನರ ಅಂಗಡಿಯಿಂದ ಒಂದು ತುಪ್ಪಳದ ಟೋಪಿ ತಂದು ಅವಳೇ ಹೊಲಿದಿದ್ದಳು. ಮಂಟಯ್ಯ ಆ ಟೋಪಿಯನ್ನು ಬಾಯಿಯ ಹತ್ತಿರ ತಂದುಕೊಂಡ. ಮೈಕು ಕೈಗೆ ಬಂದರೆ ಮಾಡಬೇಕಾದ ಕೆಲಸ ಅವನಿಗೆ ಗೊತ್ತಿತ್ತು. "ಉಫ್! ಉಫ್! ಹಲೋ, ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ!" ಎಂದ.

ಕಾವ್ಯಶ್ರೀ ಕೂತಲ್ಲಿಂದ ಒಂದು ಗೇಣು ಮೇಲಕ್ಕೆ ಹಾರಿದಳು. ಕಿವಿಯ ಬಟ್ಟಲು ಕಿತ್ತು, ಎರಡೂ ಕಿವಿ ಉಜ್ಜಿಕೊಂಡು, "ಇದಕ್ಕೆ ಪಿಸುಮಾತೂ ಕೇಳತ್ತೆ ಮಂಟಯ್ಯ," ಎಂದಳು ಮೆಲ್ಲಗೆ.

"ಗೊತ್ತು ಮೇಡಂ," ಎಂದ ಮಂಟಯ್ಯ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅವನ ಕಿವಿ ಬಿಸಿಯಾಯಿತು.

ಅಂದಿನಿಂದ ಅವನ ಪಾಠ ಶುರುವಾಯಿತು. ಜೇಬಿನಲ್ಲಿ ಚಿಲ್ಲರೆ, ಬೀಗದ ಕೈ ಇರಬಾರದು. ಚಪ್ಪಲಿ ಕಿರುಗುಟ್ಟಿದರೆ ಬಿಚ್ಚಿ ಬರಿಗಾಲಲ್ಲಿ ನಿಲ್ಲಬೇಕು. ಹೊಸ ಸೆಲ್ಲು ಬಲಜೇಬಿನಲ್ಲಿ, ಮುಗಿದ ಸೆಲ್ಲು ಎಡಜೇಬಿನಲ್ಲಿ. ಗೋಡೆ ಮಾರ್ದನಿ ಕೊಟ್ಟರೆ ಕಂಬಳಿ ತೂಗುಹಾಕಬೇಕು. ನಟರ ಮಾತು ಮುಗಿದರೂ ಕೋಲು ಇಳಿಸಬಾರದು. ಎಲ್ಲದಕ್ಕೂ ಮಂಟಯ್ಯ "ಗೊತ್ತು ಮೇಡಂ" ಅಂದ. ಮರುದಿನ ಸೆಲ್ಲು ಕೇಳಿದಾಗ, ಯಾವುದು ಬಲ ಎಂಬುದರಲ್ಲಿ ಅವನಿಗೂ ಅವನ ಅಂಗಿಗೂ ಭಿನ್ನಾಭಿಪ್ರಾಯ ಬಂದು, ಅಳುವ ದೃಶ್ಯವೊಂದು ನಡುವೆ ನಿಂತುಹೋಯಿತು. ನಟಿ ಎರಡನೆಯ ಸಲ ಅಳಬೇಕಾಯಿತು. ಅವತ್ತು ಮಂಟಯ್ಯ ಮನೆಗೆ ಹಿತ್ತಿಲ ಬಾಗಿಲಿನಿಂದ ಹೋದ.

ಆದರೆ ಜನ ಎಷ್ಟು ಒಳ್ಳೆಯವರೆಂದರೆ, ಅವನನ್ನು ಕಂಡಲ್ಲೆಲ್ಲ "ಏನ್ಲಾ ಇಂಜಿನಿಯರೇ," ಎನ್ನತೊಡಗಿದರು. ಅವನು ಇಲ್ಲ ಅನ್ನಲಿಲ್ಲ.

ಹದಿನೆಂಟನೆಯ ದಿನ ಸಾಯಂಕಾಲ ಕಾವ್ಯಶ್ರೀ ಅವನನ್ನು ಕರೆದಳು.

"ಮಂಟಯ್ಯ, ಬೀದಿ ದೃಶ್ಯ ಎಲ್ಲಾ ಮುಗೀತು. ನಾಳೆ ಮಧ್ಯಾಹ್ನ ಮೂರು ಗಂಟೆಗೆ ನಂಗೆ ಒಂದು ನಿಮಿಷ ಊರು ಪೂರ್ತಿ ಸುಮ್ಮನಿರಬೇಕು. ಹಿಟ್ಟಿನ ಗಿರಣಿ, ಪಂಪ್‌ಸೆಟ್, ಟ್ರಾಕ್ಟರ್, ಟೇಪ್ ರೆಕಾರ್ಡರ್ ಯಾವುದೂ ಬೇಡ. ಬರೀ ಒಂದು ನಿಮಿಷ. ಯಾಕೆ ಅಂತ ಗೊತ್ತಲ್ಲ?"

"ಗೊತ್ತು ಮೇಡಂ."

"ಇದೊಂದು ಸಿಗದಿದ್ರೆ ಇಷ್ಟು ದಿನ ಮಾಡಿದ್ದು ದಂಡ. ನಾಡಿದ್ದು ಗಾಡಿ ಹೊರಡತ್ತೆ. ನೀವು ಇದನ್ನ ಮಾಡಿಸಿಕೊಟ್ರೆ ಮೈಸೂರಿನ ಮುಂದಿನ ಕೆಲಸಕ್ಕೂ ನಿಮ್ಮನ್ನೇ ಕರ್ಕೊಂಡು ಹೋಗ್ತೀನಿ."

ಮಂಟಯ್ಯನ ಎದೆ ಉಬ್ಬಿತು. ಮೈಸೂರು! ಸೌಂಡ್ ಇಂಜಿನಿಯರ್ ಮಂಟಯ್ಯ, ಮೈಸೂರು! ಊರು ಯಾಕೆ ಸುಮ್ಮನಿರಬೇಕು ಎಂಬ ಒಂದು ಪ್ರಶ್ನೆಯನ್ನು ಅವನು ಆಗ ಕೇಳಿದ್ದರೆ ಎಲ್ಲವೂ ಅಲ್ಲಿಗೇ ಸರಿಹೋಗುತ್ತಿತ್ತು. ಆದರೆ ಹದಿನೈದು ದಿನ "ಗೊತ್ತು" ಅಂದ ಬಾಯಿ ಹದಿನಾರನೆಯ ದಿನಕ್ಕೆ "ಯಾಕೆ" ಅನ್ನುವುದು ಹೇಗೆ?

ಅವನು ನೇರ ಮನೆಗೆ ಹೋಗಿ ಸೈಕಲ್ಲಿಗೆ ಬ್ಯಾಟರಿ ಬಿಗಿದ. ಸಾರುವ ಮೊದಲು ಕ್ಯಾಸೆಟ್ಟು ಹಾಕಬೇಕಲ್ಲ. ಇದು ಮದುವೆಯಲ್ಲ. ಸರ್ಕಾರದ್ದೂ ಅಲ್ಲ. ಒಂದು ನಿಮಿಷ ಮೌನ ಎಂದರೆ ಯಾವ ಕ್ಯಾಸೆಟ್ಟು? ಅವನ ಕೈ ತಾನಾಗಿ ಎರಡನೆಯದಕ್ಕೆ ಹೋಯಿತು. ಶಹನಾಯಿ ಬಿಕ್ಕಿತು. ಶಹನಾಯಿ ಬಿಕ್ಕಿದ ಕೂಡಲೇ ಅವನ ಗಂಟಲೂ, ಹದಿನಾಲ್ಕು ವರ್ಷದ ಅಭ್ಯಾಸದಂತೆ, ತಾನಾಗಿ ಭಾರವಾಯಿತು.

"ಗ್ರಾಮಸ್ಥರಲ್ಲಿ ವಿನಂತಿ. ನಾಳೆ ಮಧ್ಯಾಹ್ನ ಸರಿಯಾಗಿ ಮೂರು ಗಂಟೆಗೆ ಹುಣಸೆಕೊಪ್ಪಲಿನ ಸಮಸ್ತರೂ ತಮ್ಮ ತಮ್ಮ ಕೆಲಸ ನಿಲ್ಲಿಸಿ ಒಂದು ನಿಮಿಷ ಮೌನ ಆಚರಿಸಬೇಕಾಗಿ ಕೋರಲಾಗಿದೆ. ಗಿರಣಿ, ಪಂಪ್‌ಸೆಟ್, ಟ್ರಾಕ್ಟರುಗಳನ್ನು ಬಂದ್ ಮಾಡಿ ಸಹಕರಿಸಬೇಕು."

ನಾಲ್ಕು ಬೀದಿ ಸುತ್ತಿದ. ದಾರಿಯಲ್ಲಿ ಗಂಡಸರು ಟವೆಲ್ಲನ್ನು ತಲೆಯಿಂದ ತೆಗೆದು ಹೆಗಲಿಗೆ ಹಾಕಿಕೊಂಡರು. ಒಬ್ಬ ಹೆಂಗಸು ಒಲೆಯ ಮುಂದಿನಿಂದ ಎದ್ದು ಬಂದು ಕೈ ಮುಗಿದಳು. ಸಿನಿಮಾ ಅಂದರೆ ಜನಕ್ಕೆ ಎಂಥ ಗೌರವ ಎಂದುಕೊಂಡ ಮಂಟಯ್ಯ.

ಪಂಚಾಯ್ತಿ ಅಧ್ಯಕ್ಷ ಸೋಮಯ್ಯನವರು ಅವನನ್ನು ನಂಜಯ್ಯನ ಹೋಟೆಲಿನ ಮುಂದೆ ಹಿಡಿದರು. ಸೋಮಯ್ಯನವರು ತಾಲೂಕಿನಲ್ಲಿ ನಡೆಯುವುದೆಲ್ಲ ತಮಗೆ ಒಂದು ದಿನ ಮೊದಲೇ ಗೊತ್ತಿರುತ್ತದೆ ಎಂಬ ಖ್ಯಾತಿಯಲ್ಲಿ ಬದುಕುತ್ತಿದ್ದವರು. ಯಾರು ಸತ್ತದ್ದು ಎಂದು ಒಬ್ಬ ಮೈಕಿನವನನ್ನು ನೇರವಾಗಿ ಕೇಳುವುದು ಆ ಖ್ಯಾತಿಗೆ ಒಗ್ಗುವ ಮಾತಲ್ಲ. ಅವರು ಸುತ್ತು ಬಳಸಿ ಬಂದರು.

"ಏನಪ್ಪಾ ಮಂಟಯ್ಯ, ನಿಂಗೆ ಯಾವಾಗ ತಿಳೀತು?"

"ಈಗ ಸಾಯಂಕಾಲ ಅಧ್ಯಕ್ಷರೇ. ಬೆಂಗಳೂರಿನೋರೇ ಕರ್ದು ಯೋಳುದ್ರು."

"ಓ, ಬೆಂಗಳೂರು. ಅದೇ ಅದೇ. ನಂಗೂ ಫೋನ್ ಬಂದಿತ್ತು. ದೊಡ್ಡೋರು ಪಾಪ."

ಬೆಂಗಳೂರಿನ ದೊಡ್ಡವರು ಎಂದರೆ ಮಂಟಯ್ಯನಿಗೆ ಗೊತ್ತಿದ್ದದ್ದು ಕಾವ್ಯಶ್ರೀ ಒಬ್ಬಳೇ. "ಬಲು ದೊಡ್ಡೋರು ಅಧ್ಯಕ್ಷರೇ. ಆದ್ರೆ ಒಂದ್ ಚೂರು ಜಂಭ ಇಲ್ಲ. ವಯಸ್ಸಾದ್ರೂ ಎಷ್ಟು? ಮೂವತ್ತೆರಡು."

"ಮೂವತ್ತೆರಡಾ!" ಸೋಮಯ್ಯನವರು ಟೀ ಲೋಟ ಬೆಂಚಿನ ಮೇಲಿಟ್ಟರು. "ಶಿವ ಶಿವಾ. ಹೆಂಡ್ತಿ ಮಕ್ಕಳು?"

"ಮದ್ವೇನೇ ಆಗಿಲ್ಲ. ಕೆಲ್ಸ ಕೆಲ್ಸ ಅಂತ ಬರೀ ಟೀ ಕುಡ್ಕಂಡು, ಹೊತ್ಗೊತ್ಗೆ ಊಟ ಇಲ್ದೆ ಇಂಗಾಗವ್ರೆ. ಆ ಕಿವಿ ಅದೆಯಲ್ಲಾ ಅಧ್ಯಕ್ಷರೇ, ಇರುವೆ ನಡುದ್ರೂ ಕೇಳುಸ್ತದೆ."

ನಂಜಯ್ಯ ಸ್ಟವ್ವಿನ ಉರಿ ತಗ್ಗಿಸಿದ. ಸೋಮಯ್ಯನವರು ಕಣ್ಣೊರೆಸಿಕೊಂಡು, "ಒಳ್ಳೇರ್ನೇ ದೇವ್ರು ಬೇಗ ಕರ್ಕತನೆ ಕಣ್ಲಾ," ಎಂದರು.

ದೇವರು ಯಾರನ್ನು ಎಲ್ಲಿಗೆ ಕರೆದ ಎಂಬುದು ಮಂಟಯ್ಯನಿಗೆ ಅರ್ಥವಾಗಲಿಲ್ಲ. ತಲೆಯಾಡಿಸಿದ.

ಅಷ್ಟು ಸಾಕಾಯಿತು. ರಾತ್ರಿ ಊಟದ ಹೊತ್ತಿಗೆ ಸತ್ತವರ ವಯಸ್ಸು, ಗುಣ, ಅಭ್ಯಾಸ ಎಲ್ಲ ಊರಿಗೆ ತಿಳಿದಿತ್ತು. ತಿಳಿಯದೆ ಉಳಿದದ್ದು ಹೆಸರೊಂದೇ. ಅದನ್ನು ಕೇಳುವಷ್ಟು ದಡ್ಡರು ಹುಣಸೆಕೊಪ್ಪಲಿನಲ್ಲಿ ಯಾರೂ ಇರಲಿಲ್ಲ. ಬೆಳಗ್ಗೆ ಸೋಮಯ್ಯನವರು ಫೋನ್ ಬೂತಿಗೆ ಹೋಗಿ ಪಿರಿಯಾಪಟ್ಟಣದ ಒಂದು ಕಚೇರಿಗೆ ಫೋನು ಮಾಡಿ, "ಆ ವಿಷಯಕ್ಕೆ ಇಲ್ಲಿ ಸಂತಾಪ ಸಭೆ ಇಟ್ಕೊಂಡಿವ್ನಿ, ನಿಮ್ಮಲ್ಲಿ ಹೇಗೆ?" ಎಂದರು. ಆ ತುದಿಯಲ್ಲಿದ್ದ ಗುಮಾಸ್ತ ಒಂದು ಕ್ಷಣ ತಡೆದು, "ಹೌದು ಸಾರ್, ನಮ್ಮಲ್ಲೂ ಆದೇಶಕ್ಕೆ ಕಾಯ್ತಾ ಇದೀವಿ," ಎಂದ. ಕಚೇರಿಯಿಂದಲೇ ಖಾತ್ರಿಯಾದ ಮೇಲೆ ಇನ್ನೇನು? ಶಾಲೆಯ ಹೆಡ್‌ಮಾಸ್ತರು ರುದ್ರಸ್ವಾಮಿ ಮಧ್ಯಾಹ್ನದ ಪಾಠ ರದ್ದು ಮಾಡಿ, ಮಕ್ಕಳನ್ನು ಸಾಲಾಗಿ ಕರೆತರುವುದಾಗಿ ಹೇಳಿ ಕಳಿಸಿ, ಬಾಗಿಲು ಹಾಕಿಕೊಂಡು ಒಂದು ಕವನ ಬರೆದರು. ನಂಜಯ್ಯ ಹೋಟೆಲಿನ ಬೋರ್ಡಿಗೆ ಹಳೆಯ ಕೊಡೆಯ ಕರಿಯ ಬಟ್ಟೆ ಕಟ್ಟಿದ.

ಈ ಯಾವುದೂ ಮಂಟಯ್ಯನಿಗೆ ಗೊತ್ತಿರಲಿಲ್ಲ. ಬೆಳಗ್ಗಿನಿಂದ ತೊಟ್ಟಿಮನೆಯಲ್ಲಿ ಕಂಬಳಿ ಬಿಚ್ಚಿ ಮಡಿಸುತ್ತಿದ್ದವನು ಎರಡು ಗಂಟೆಗೆ ಉಣ್ಣಲು ಮನೆಗೆ ಬಂದ. ಹೆಂಡತಿ ಶಿವರುದ್ರಮ್ಮ ಹಂಡೆಯ ಕೆಳಗೆ ಉರಿ ಹಾಕುತ್ತಿದ್ದಳು.

"ಈಗ ಯಾಕೆ ನೀರು?" ಎಂದ.

"ಬಂದ್ಮೇಲೆ ತಲೆ ಮೇಲೆ ಉಯ್ಕಬೇಕಲ್ಲ. ಸಾವಿಗೆ ಓಗಿ ಬಂದು ಅಂಗೇ ಒಳಿಕ್ಕೆ ಬತ್ತೀರಾ?"

"ಯಾವ ಸಾವು ಅಮ್ಮಿ?"

ಶಿವರುದ್ರಮ್ಮ ಸೌದೆ ಕೆಳಗಿಟ್ಟು ಗಂಡನ ಮುಖ ನೋಡಿದಳು. "ನಿನ್ನೆ ಅಳಾ ಕ್ಯಾಸೆಟ್ ಹಾಕಂಡು ಊರೆಲ್ಲಾ ಸಾರ್ಕಂಡು ಬಂದೋರು ಯಾರು? ನಾನಾ?"

ಮಂಟಯ್ಯನ ಬುದ್ಧಿ ನಿನ್ನೆ ಸಾಯಂಕಾಲ ಹೊರಟದ್ದು ಆಗ ಬಂದು ತಲುಪಿತು. ಶಹನಾಯಿ. ಮೌನ ಆಚರಣೆ. ಬಲು ದೊಡ್ಡೋರು. ಮೂವತ್ತೆರಡು. ಅವನು ಜಗಲಿಯ ಮೇಲೆ ಮೆಲ್ಲಗೆ ಕೂತ.

"ಅಮ್ಮಿ, ಯಾರೂ ಸತ್ತಿಲ್ಲ ಕಣೇ. ಅದು ಸಿನ್ಮಾಕೆ."

"ಸಿನ್ಮಾದಲ್ಲಿ ಯಾರ್ ಸತ್ರು?"

"ಅಲ್ಲೂ ಇಲ್ಲ. ಸುಮ್ನೆ ಮೌನ ಬೇಕಂತೆ."

"ಸುಮ್ನೆ ಮೌನ ಯಾಕ್ ಬೇಕು?"

ಮಂಟಯ್ಯ ನೆಲ ನೋಡಿದ. "ಗೊತ್ತಿಲ್ಲ," ಎಂದ. ಹದಿನಾರು ದಿನದಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು, ಅದೂ ತಪ್ಪಾದ ಮೇಡಮ್ಮಿನ ಮುಂದೆ.

"ಈಗ್ಲೇ ಓಗಿ ಯೋಳ್ರೀ," ಎಂದಳು ಶಿವರುದ್ರಮ್ಮ. "ಹೊತ್ತಾದಷ್ಟೂ ಬಾಯಿ ಕಟ್ಟೋಯ್ತದೆ. ನಿಮ್ಮ ಮೈಕು ಅಂದ್ರೆ ಊರು ಕಣ್ಮುಚ್ಕಂಡು ನಂಬ್ತದೆ. ಇವತ್ತು ಯೋಳ್ನಿಲ್ಲ ಅಂದ್ರೆ ನಾಳಿಂದ ಎಮ್ಮೆ ಕಳೀತು ಅಂದ್ರೂ ನಗ್ತಾರೆ."

ಹೇಳಿಯೇ ಬಿಡುತ್ತೇನೆ ಎಂದು ಮಂಟಯ್ಯ ಹೊರಟ. ಪಂಚಾಯ್ತಿ ಕಟ್ಟಡದ ಮುಂದೆ ಬಂದು ನೋಡುತ್ತಾನೆ, ಊರಿಗೆ ಊರೇ ಕೂತಿದೆ. ಎಲ್ಲರೂ ಬಿಳಿ ಬಟ್ಟೆ. ಮಕ್ಕಳು ಸಾಲಾಗಿ. ಮೇಜಿನ ಮೇಲೆ ಒಂದು ಖಾಲಿ ಚೌಕಟ್ಟು. ಫೋಟೋ ಸಿಗದಿದ್ದರಿಂದ ಚೌಕಟ್ಟಿಗೇ ವಿಭೂತಿ ಹಚ್ಚಿದ್ದರು. ಸೋಮಯ್ಯನವರು ಸೇವಂತಿಗೆ ಹಾರ ಹಿಡಿದುಕೊಂಡು ಎದುರು ಬಂದರು.

"ಎಲ್ಲೋಗಿದ್ಯೋ? ಬೇಗ ಮೈಕ್ ಕಟ್ಟು. ಹೆಡ್‌ಮಾಸ್ತರು ಕವನ ಬೇರೆ ಬರ್ದವ್ರೆ."

"ಅಧ್ಯಕ್ಷರೇ, ಒಂದ್ ಮಾತು..."

"ಸಭೆ ಆದ್ಮೇಲೆ ಯೋಳುವಂತೆ, ಕಟ್ಲಾ."

ಮಂಟಯ್ಯನ ಬಾಯಿ ಕಟ್ಟಿತು; ಕೈಗಳು ಮಾತ್ರ ಮೈಕು ಕಟ್ಟಿದವು. ಹಾರನ್ನುಗಳನ್ನು ಏರಿಸುವಾಗ, ಇದು ನನ್ನ ಮಾನವನ್ನೇ ಕಂಬಕ್ಕೆ ಏರಿಸಿದ ಹಾಗಿದೆ ಎನ್ನಿಸಿತು.

ಮೂರಕ್ಕೆ ಐದು ನಿಮಿಷವಿರುವಾಗ ಕಾವ್ಯಶ್ರೀ ಟೀ ಲೋಟ ಒಂದು ಕೈಯಲ್ಲಿ, ರೆಕಾರ್ಡಿಂಗ್ ಪೆಟ್ಟಿಗೆ ಇನ್ನೊಂದು ಹೆಗಲಿನಲ್ಲಿ ಬಂದಳು. ಎದುರಿನ ಶಾಲೆಯ ಜಗಲಿಯಲ್ಲಿ ಕೂತು, ಟೋಪಿ ಹಾಕಿದ ಮೈಕನ್ನು ನಿಲ್ಲಿಸಿ, ಕಿವಿಗೆ ಬಟ್ಟಲು ಏರಿಸಿಕೊಂಡಳು. ಮಂಟಯ್ಯನನ್ನು ಹತ್ತಿರ ಕರೆದು ಕೇಳಿದಳು:

"ಇವರೆಲ್ಲಾ ಇಲ್ಲಿಗೆ ಯಾಕೆ ಬಂದ್ರು? ಅವರವರ ಮನೇಲೇ ಸುಮ್ಮನಿದ್ರೆ ಸಾಕಿತ್ತಲ್ಲ?"

"ನಮ್ಮೂರೋರು ಅಂಗೇ ಮೇಡಂ. ಸುಮ್ನಿದ್ರೂ ಒಟ್ಗೇ."

"ಆ ಹಾರನ್ ಯಾಕೆ?"

"ಸುಮ್ನಿರಿ ಅಂತ ಯೋಳಕ್ಕೆ."

ಅವಳು ಅವನನ್ನು ಒಂದು ಗಳಿಗೆ ನೋಡಿದಳು. ಟೇಪು ಚಾಲೂ ಮಾಡಿದಳು.

ಮೌನಕ್ಕೆ ಮುಂಚೆ ಭಾಷಣ. ಅದು ಪದ್ಧತಿ. ಸೋಮಯ್ಯನವರು ಮೈಕು ಹಿಡಿದರು.

"ಅವರು ಬಲು ದೊಡ್ಡವರು. ಆದರೆ ಒಂದು ಚೂರು ಜಂಭ ಇರಲಿಲ್ಲ. ಬರೀ ಮೂವತ್ತೆರಡು ವರ್ಷ. ಮದುವೆ ಮಕ್ಕಳು ಅಂತ ತಮ್ಮ ಸುಖ ನೋಡಲಿಲ್ಲ. ನಾನೂ ಅವರೂ ಹೋದ ವರ್ಷ ಬೆಂಗಳೂರಿನಲ್ಲಿ ಎದುರು ಬದುರು ಕೂತು ಮುದ್ದೆ ಉಂಡಿದ್ದೆವು. ಇನ್ನೊಂದು ಮುದ್ದೆ ಹಾಕಿಸ್ಕೊಳಿ ಅಂದೆ. ಬೇಡ ಸೋಮಣ್ಣ, ಕೆಲಸ ಇದೆ ಅಂದರು." ಅವರ ಧ್ವನಿ ಒಡೆಯಿತು. ಮುದ್ದೆಯ ಸಂಗತಿಯಿಂದ ಅವರಿಗೇ ನಿಜವಾಗಿ ದುಃಖವಾಗಿತ್ತು.

ಜಗಲಿಯ ಮೇಲೆ ಕಾವ್ಯಶ್ರೀ ತಲೆಯೆತ್ತಿದಳು.

ಹೆಡ್‌ಮಾಸ್ತರು ರುದ್ರಸ್ವಾಮಿ ಎದ್ದರು. "ಅವರ ಕಿವಿ! ಬಂಧುಗಳೇ, ಅವರ ಕಿವಿಯ ಬಗ್ಗೆ ಎರಡು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಇರುವೆ ನಡೆದರೆ ಕೇಳುವ ಕಿವಿಗೆ ಬಡವರ ಗೋಳು ಕೇಳದೆ ಇದ್ದೀತೆ? ಚಿಕ್ಕಂದಿನಲ್ಲಿ ನನ್ನ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂತರೂ ಪಾಠ ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು. ಅಂಥವರು ಹೊತ್ತಿಗೆ ಊಟವಿಲ್ಲದೆ, ಬರೀ ಟೀ ಕುಡಿದು ಕುಡಿದು..."

ಕಾವ್ಯಶ್ರೀ ಕೈಯಲ್ಲಿದ್ದ ಟೀ ಲೋಟವನ್ನು ನಿಧಾನವಾಗಿ ಕೆಳಗಿಟ್ಟಳು. ಅವಳ ದೃಷ್ಟಿ ಗುಂಪನ್ನು ದಾಟಿ ಬಂದು ಮಂಟಯ್ಯನ ಮೇಲೆ ನಿಂತಿತು. ಮಂಟಯ್ಯ ಆಂಪ್ಲಿಫೈಯರಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಸರಿಯಾಗಿದ್ದ ವೈರನ್ನು ಬಿಚ್ಚಿ ಮತ್ತೆ ಹಾಕಿದ.

ಆಗ ಅವನ ಪಕ್ಕದಲ್ಲಿ ಯಾರೋ ಬಂದು ಕೂತರು. ನೋಡಿದರೆ ದೊಡ್ಡಮ್ಮ. ಎಪ್ಪತ್ತು ದಾಟಿದ ಜೀವ, ಊರಿಗೆಲ್ಲ ದೊಡ್ಡಮ್ಮ. ಅವಳ ಮೊಮ್ಮಗ ಮಾದೇಶ ಶುಂಠಿ ಲಾರಿ ಓಡಿಸುತ್ತಿದ್ದ. ಬೆಂಗಳೂರಿಗೆ ಹೋದರೆ ಎಂಟು ಹತ್ತು ದಿನ ಸುದ್ದಿಯಿರುತ್ತಿರಲಿಲ್ಲ. ದೊಡ್ಡಮ್ಮನ ಕಣ್ಣು ಊದಿಕೊಂಡಿತ್ತು. ಬೆಳಗ್ಗಿನಿಂದ ಏನೂ ತಿಂದಿಲ್ಲವೆಂದು ಮುಖ ಹೇಳುತ್ತಿತ್ತು. ಅವಳು ಯಾರಿಗೂ ಕೇಳದಂತೆ ಅವನ ಕಿವಿಯ ಹತ್ತಿರ ಬಾಗಿದಳು.

"ಮಂಟಯ್ಯ, ಎಲ್ರೂ ನನ್ ಮುಂದೆ ಎಸ್ರು ಯೋಳ್ದೆ ಮುಚ್ಚಿಡ್ತಾವ್ರೆ ಕಣಪ್ಪಾ. ಬೆಂಗಳೂರು ಅಂತಾರೆ. ಮೂವತ್ತೆರಡು ಅಂತಾರೆ. ಮದ್ವೆ ಆಗಿಲ್ಲ ಅಂತಾರೆ. ನನ್ ಮಾದೇಸಂಗೂ ಮೂವತ್ತೆರಡೇಯ. ಅವ್ನೇಯಾ? ನೀನ್ ಯೋಳು. ನಿನ್ ಬಾಯಲ್ಲಿ ಸುಳ್ಳು ಬರಾಕಿಲ್ಲ."

ಮಂಟಯ್ಯ ಎದ್ದ. ಹೆಡ್‌ಮಾಸ್ತರು ಜೇಬಿನಿಂದ ಕವನ ತೆಗೆಯುತ್ತಿದ್ದರು. ಅವರ ಕೈಯಿಂದ ಮೈಕು ಕಿತ್ತುಕೊಂಡ. ಹಾಗೆ ಕಿತ್ತುಕೊಂಡದ್ದು ಅವನ ವೃತ್ತಿಯಲ್ಲೇ ಮೊದಲು.

"ಗ್ರಾಮಸ್ಥರಲ್ಲಿ ವಿನಂತಿ," ಎಂದ ಅಭ್ಯಾಸಬಲದಿಂದ. ಆಮೇಲೆ ದೊಡ್ಡಮ್ಮನ ಕಡೆ ತಿರುಗಿದ. "ಯಾರೂ ಸತ್ತಿಲ್ಲ."

ಹಾರನ್ನುಗಳು ಆ ಮಾತನ್ನು ಊರಾಚೆಯ ಕೆರೆಯವರೆಗೆ ಒಯ್ದವು.

"ದೊಡ್ಡಮ್ಮ, ಮಾದೇಶಂಗೆ ಏನೂ ಆಗಿಲ್ಲ. ಯಾರ್ಗೂ ಏನೂ ಆಗಿಲ್ಲ. ಸಿನ್ಮಾಕೆ ನಮ್ಮೂರು ಒಂದು ನಿಮಿಷ ಸುಮ್ನಿರಬೇಕು ಅಂದ್ರು. ಯಾಕೆ ಅಂತ ನಂಗೆ ಗೊತ್ತಿಲ್ಲ. ಕೇಳಕ್ಕೆ ನಾಚ್ಕೆ ಆಯ್ತು. ಯಾವ ಕ್ಯಾಸೆಟ್ ಹಾಕ್ಬೇಕು ಅನ್ನದೂ ಗೊತ್ತಾಗ್ನಿಲ್ಲ. ಮೂವತ್ತೆರಡು ವರ್ಷ, ಟೀ, ಕಿವಿ, ಎಲ್ಲಾ ನಾನೇ ಅಂದಿದ್ದು. ಅದು ಅಗೋ, ಅಲ್ಲಿ ಕೂತವ್ರಲ್ಲ, ಆ ಮೇಡಮ್ಮೋರ ವಿಷ್ಯ. ನಾನು ಇಂಜಿನಿಯರೂ ಅಲ್ಲ. ಮೈಕ್ ಸೆಟ್ಟೋನು. ತಪ್ಪಾಯ್ತು."

ಇಡೀ ಊರು ತಿರುಗಿ ಶಾಲೆಯ ಜಗಲಿಯನ್ನು ನೋಡಿತು. ಸತ್ತವರು ಎರಡು ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಸಾವಿನ ಮನೆಯ ಮೌನ, ಪರೀಕ್ಷೆಯ ಮೌನ, ಅತ್ತೆ ಸೊಸೆ ಜಗಳವಾಡಿದ ಮನೆಯ ಮೌನ, ಇವೆಲ್ಲ ಹುಣಸೆಕೊಪ್ಪಲಿಗೆ ಗೊತ್ತಿದ್ದವು. ಇದು ಬೇರೆ. ಸೋಮಯ್ಯನವರು ಹಾರ ಹಿಡಿದ ಕೈಯನ್ನು ಎತ್ತಿದಲ್ಲೇ ಬಿಟ್ಟಿದ್ದರು. ಮುದ್ದೆ ಅವರ ಗಂಟಲಲ್ಲಿ ಈಗ ಸಿಕ್ಕಿಕೊಂಡಂತಿತ್ತು. ಹೆಡ್‌ಮಾಸ್ತರು, ಕೊನೆಯ ಬೆಂಚಿನಲ್ಲಿ ಪಾಠ ಕೇಳಿದ ಆ ವಿದ್ಯಾರ್ಥಿಯನ್ನು ನೋಡಲಾರದೆ ತಮ್ಮ ಕವನದಿಂದ ಮುಖ ಮರೆಮಾಡಿಕೊಂಡಿದ್ದರು. ಬೆಳಗ್ಗಿನಿಂದ "ನಂಗೆ ಗೊತ್ತಿತ್ತು ಬುಡು" ಅಂದವರು, ಅವರಿಂದ ನಂಗೆ ಒಂದು ಉಪಕಾರ ಆಗಿತ್ತು ಅಂದವರು, ಕಣ್ಣೀರು ಹಾಕಿದವರು, ಎಲ್ಲರೂ ತಂತಮ್ಮ ಕಾಲಿನ ಹೆಬ್ಬೆರಳು ನೋಡುತ್ತಿದ್ದರು. ಮೊದಲು ಮಾತಾಡಿದವನ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಯಾರೂ ಮಾತಾಡಲಿಲ್ಲ. ಕೆಮ್ಮು ಬಂದವನು ನುಂಗಿಕೊಂಡ.

ಜಗಲಿಯ ಮೇಲೆ ಕಾವ್ಯಶ್ರೀ ಒಂದು ಬೆರಳು ಎತ್ತಿದಳು. ತನ್ನ ಕಿವಿ ಮುಟ್ಟಿದಳು. ಆಮೇಲೆ ಆ ಬೆರಳನ್ನು ಮಂಟಯ್ಯನ ಆಂಪ್ಲಿಫೈಯರಿನ ಕಡೆ ತೋರಿಸಿದಳು.

ಅವಳು ಏನು ಹೇಳುತ್ತಿದ್ದಾಳೆ ಎಂದು ಮಂಟಯ್ಯನಿಗೆ ತಿಳಿಯಲಿಲ್ಲ. ತಲೆಯಾಡಿಸಲು ಹೋದವನು ಈ ಸಲ ತಡೆದು, ಗೊತ್ತಿಲ್ಲ ಎಂದು ಅಡ್ಡಡ್ಡ ಆಡಿಸಿದ. ಅವಳು ಮತ್ತೆ ಕಿವಿ ಮುಟ್ಟಿ ತೋರಿಸಿದಳು. ಅವನು ಕಿವಿಗೊಟ್ಟ. ಆಗ ಕೇಳಿಸಿತು: ಗುಂಯ್... ಹಾರನ್ನುಗಳಿಂದ ಸಣ್ಣಗೆ, ನಿಲ್ಲದೆ ಬರುತ್ತಿದ್ದ ಸದ್ದು. ಹದಿನಾಲ್ಕು ವರ್ಷದಿಂದ ಅವನ ಸೆಟ್ಟು ಹಾಗೇ ಗುಂಯ್ಗುಡುತ್ತಿತ್ತು. ಅದನ್ನೇ ಅವನು ಸದ್ದಿಲ್ಲ ಎಂದು ತಿಳಿದಿದ್ದ.

ಬಗ್ಗಿ ಸ್ವಿಚ್ಚು ಆರಿಸಿದ. ಟಕ್.

ಮೈಮೇಲಿಂದ ಯಾರೋ ಕಂಬಳಿ ಎಳೆದ ಹಾಗಾಯಿತು. ಎಲ್ಲೋ ಕರುವಿನ ಕೊರಳಗಂಟೆ ಒಮ್ಮೆ ಅಲುಗಿತು. ಹಲಸಿನ ಎಲೆಗಳು ಒಂದನ್ನೊಂದು ಒರೆಸಿಕೊಂಡವು. ಬೆಟ್ಟದ ದಿಕ್ಕಿನಿಂದ ಒಂದು ಹಕ್ಕಿ ಎರಡು ಸಲ ಕೂಗಿ ಉತ್ತರ ಬಾರದೆ ಸುಮ್ಮನಾಯಿತು. ಗಿರಣಿ ಇಲ್ಲ, ಪಂಪ್‌ಸೆಟ್ ಇಲ್ಲ. ನೂರಾರು ಜನ ಉಸಿರನ್ನೂ ಸಂಕೋಚದಿಂದ ಬಿಡುತ್ತ ಕೂತಿದ್ದಾರೆ. ಕಾವ್ಯಶ್ರೀ ಕಣ್ಣು ಮುಚ್ಚಿದ್ದಳು. ಒಂದು ನಿಮಿಷ ಕಳೆಯಿತು. ಎರಡೂ ಕಳೆಯಿತು. ಅವಳು ಹೆಬ್ಬೆರಳು ಎತ್ತಿ ತೋರಿಸಿದಳು. ಆದರೂ ಯಾರೂ ಅಲುಗಲಿಲ್ಲ.

ಕೊನೆಗೆ ದೊಡ್ಡಮ್ಮ ಮೂಗು ಒರೆಸಿಕೊಂಡು, "ನಂಗೆ ಹಸೀತಾದೆ ಕಣ್ರಪ್ಪಾ," ಎಂದಳು.

ಒಟ್ಟಿಗೆ ಬಂದಿದ್ದ ಊರು ಒಬ್ಬೊಬ್ಬರಾಗಿ ಎದ್ದು ಹೋಯಿತು. ಗಂಡ ಹೆಂಡತಿಯರೂ ಬೇರೆ ಬೇರೆ ಓಣಿ ಹಿಡಿದರು. ಹೋಗುವಾಗ ಒಬ್ಬರೂ ಮಂಟಯ್ಯನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಶಿವರುದ್ರಮ್ಮ ಮಾತ್ರ ದೂರದಿಂದ, "ನೀರು ಕಾದದೆ, ಬತ್ತೀರಾ?" ಎಂದು ಕೇಳಿ ಉತ್ತರಕ್ಕೆ ಕಾಯದೆ ದೊಡ್ಡಮ್ಮನ ಕೈ ಹಿಡಿದು ಮನೆಗೆ ಕರೆದುಕೊಂಡು ಹೋದಳು.

ಎಲ್ಲರೂ ಹೋದ ಮೇಲೆ ಸೋಮಯ್ಯನವರು ಜಗಲಿಯ ಹತ್ತಿರ ಬಂದರು. ಹಾರವನ್ನು ಬೆನ್ನ ಹಿಂದೆ ಹಿಡಿದಿದ್ದರು.

"ಮೇಡಂ, ನೂರು ವರ್ಷ ಬಾಳಿ. ಒಂದ್ ಮಾತು. ಇದ್ರಲ್ಲಿ ಎಲ್ಲಾ ಬಂದುಬುಟ್ಟದಾ?"

"ಯಾವುದು? ಮುದ್ದೆ ಊಟದ್ದಾ?"

"ಅದನ್ನ ಅಳ್ಸಕ್ಕಾಯ್ತದಾ?"

"ಅಳಿಸ್ತೀನಿ," ಎಂದಳು ಕಾವ್ಯಶ್ರೀ. ನಗಲಿಲ್ಲ. ಸೋಮಯ್ಯನವರು ಕೈ ಮುಗಿಯಲು ಹೋಗಿ, ಹಾರ ಕಂಡೀತೆಂದು ಬರೀ ತಲೆಬಾಗಿ ಹೋದರು.

ಮಂಟಯ್ಯ ಹಾರನ್ನು ಇಳಿಸಿ, ವೈರು ಸುತ್ತಿ, ಇನ್ನು ಸುತ್ತಲು ಏನೂ ಉಳಿಯದಾದಾಗ ಅವಳ ಮುಂದೆ ಬಂದು ನಿಂತ.

"ಕೇಳಿದ್ರೆ ಹೇಳ್ತಿದ್ನಲ್ಲಾ ಮಂಟಯ್ಯ. ಸಿನಿಮಾ ಕತ್ತರಿಸಿ ಜೋಡಿಸುವಾಗ ಮಾತಿನ ಮಧ್ಯೆ ತೂತು ಬೀಳತ್ತೆ. ಪೂರ್ತಿ ಖಾಲಿಯಾದ್ರೆ ನೋಡೋರಿಗೆ ಕಿವಿ ಕಟ್ಟಿದ ಹಾಗಾಗತ್ತೆ. ಅದಕ್ಕೇ ಆ ಜಾಗ ಸುಮ್ಮನಿದ್ದಾಗ ಹೇಗಿರತ್ತೋ ಅದನ್ನೇ ಹಿಡಿದು ತೇಪೆ ಹಾಕ್ತೀವಿ. ಪ್ರತಿ ಜಾಗಕ್ಕೂ ಬೇರೆ ಬೇರೆ."

"ಇಷ್ಟೇನಾ ಮೇಡಂ?"

"ಇಷ್ಟೇ."

ಮಂಟಯ್ಯನಿಗೆ ಅಲ್ಲೇ ಕೂತುಬಿಡಬೇಕು ಅನ್ನಿಸಿತು. ಇಷ್ಟಕ್ಕೆ ಒಂದು ಊರನ್ನು ಅಳುವಂತೆ ಮಾಡಿದ್ದಾಯಿತು. ಬದುಕಿರುವವಳ ಮುಂದೆ ಅವಳ ಗುಣಗಾನ ಮಾಡಿಸಿದ್ದಾಯಿತು. ಒಂದು ಮುದುಕಿಯನ್ನು ಉಪವಾಸ ಕೆಡವಿದ್ದಾಯಿತು.

"ಸೋಮವಾರ ಬೆಳಗ್ಗೆ ಮೈಸೂರಿಗೆ ಬನ್ನಿ," ಎಂದಳು ಅವಳು. "ಹಾರನ್ ತರಬೇಡಿ. ಗೊತ್ತಿಲ್ಲದ್ದು ಏನಾದ್ರೂ ಇದ್ರೆ ಬರುವಾಗಲೇ ಪಟ್ಟಿ ಮಾಡ್ಕೊಂಡು ಬನ್ನಿ."

"ಪಟ್ಟಿ ಉದ್ದ ಆಯ್ತದೆ ಮೇಡಂ."

"ಆಗಲಿ."

ಅವಳು ಪೆಟ್ಟಿಗೆಯಿಂದ ಪುಟ್ಟ ಕ್ಯಾಸೆಟ್ಟು ತೆಗೆದು, ಅದರ ಮೇಲಿನ ಚೀಟಿಯಲ್ಲಿ ವಿವರ ತುಂಬಲು ಪೆನ್ನನ್ನು ಅವನಿಗೆ ಕೊಟ್ಟು, ತಾನು ಮೈಕಿನ ಟೋಪಿ ಬಿಚ್ಚತೊಡಗಿದಳು. ಮಂಟಯ್ಯ ಜಗಲಿಯ ಅಂಚಿನಲ್ಲಿ ಕೂತ. ಜೀವಮಾನವೆಲ್ಲ ಕೂಗಿ ಹೇಳಿದ ಮನುಷ್ಯ, ಬರೆದು ಹೇಳುವುದು ನಿಧಾನ. ಊರು ಎಂಬಲ್ಲಿ ಹುಣಸೆಕೊಪ್ಪಲು ಎಂದು ಬರೆದ. ಹೊತ್ತು ಎಂಬಲ್ಲಿ ಲೆಕ್ಕ ಹಾಕಿ ಮಧ್ಯಾಹ್ನ ಮೂರೂವರೆ ಎಂದು ಬರೆದ. ಮೂರನೆಯ ಸಾಲು, ಇದರಲ್ಲಿ ಏನಿದೆ ಎಂಬುದು. ಅಲ್ಲಿ ಪೆನ್ನು ನಿಂತಿತು.

"ಇಲ್ಲಿ ಏನ್ ಬರೀಬೇಕು ಮೇಡಂ? ನಂಗೆ ಗೊತ್ತಿಲ್ಲ."

"ಏನು ಕೇಳ್ಸಿತೋ ಅದು."

ಅವನು ಖಾಲಿಯಾದ ಬೀದಿಯ ಕಡೆ ನೋಡಿದ. ಆಮೇಲೆ ಒಂದೊಂದೇ ಅಕ್ಷರ ತಿದ್ದಿ, ಎರಡೇ ಪದ ಬರೆದು, ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ತಲೆಯೆತ್ತದೆ ಅವಳಿಗೆ ಕೊಟ್ಟ.

ಯಾರೂ ಸತ್ತಿಲ್ಲ.